ಎಡ ಹಿಂಚಕ್ರದ ಅರ್ಧ ಸುತ್ತು

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 8.50ಕ್ಕೆ ಬ್ರೆಡ್ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದ. ಕರ್ಚೀಫಿನಿಂದ ಕುರ್ಚಿ ಒರೆಸಿ ಕೂತು, ಟೈಪ್ ಮಾಡಿಸಿ ತಂದಿದ್ದ ದೂರನ್ನು ಮೇಜಿನ ಮೇಲೆ ಜಾರಿಸಿದ.

ಕಾರ್ಖಾನೆಯ ಇಪ್ಪತ್ತೆರಡು ವರ್ಷದ ಹಳೆಯ ವ್ಯಾನು ಅಂದು 6.40ಕ್ಕೆ ಇಳಿಜಾರು ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಕಲ್ಲಿನ ಗೋಡೆಗೆ ಗುದ್ದಿತ್ತು. ಡ್ರೈವರ್ ಆಸ್ಪತ್ರೆಯಲ್ಲಿದ್ದ. ತಪ್ಪೆಲ್ಲ ಹಿಂದಿನ ದಿನ ಬ್ರೇಕ್ ರಿಪೇರಿ ಮಾಡಿದ ಹೆಣ್ಣು ಮೆಕ್ಯಾನಿಕ್‌ಳದು, ಆಕೆ ಎಡ ಹಿಂಚಕ್ರದಲ್ಲಿ ಬ್ರೇಕಿನೊಳಗಿನ ಗಾಳಿ ತೆಗೆಯುವ ನಿಪ್ಪಲನ್ನು ಬಿಗಿ ಮಾಡದೆ ಬಿಟ್ಟಿದ್ದಾಳೆ ಎಂದು ದೂರು ಹೇಳುತ್ತಿತ್ತು.

"ಹೆಣ್ಣಿನ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ ಸಾರ್," ಎಂದ ಮ್ಯಾನೇಜರ್.

"ಕೊಟ್ಟೋರು ಯಾರು?" ಎಂದ ಇನ್ಸ್‌ಪೆಕ್ಟರ್.

"ಕಾರ್ಖಾನೆಯವರೇ."

"ಅಂದ್ರೆ ನೀವು."

ಮ್ಯಾನೇಜರ್ ಕರ್ಚೀಫು ಮಡಚತೊಡಗಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಕೂಡಿಟ್ಟ ಆಸ್ತಿ ಎಂದರೆ ತಾತ್ಸಾರ ಒಂದೇ. ದೂರುದಾರ, ಆರೋಪಿ, ಸಾಕ್ಷಿ ಎನ್ನದೆ ಎಲ್ಲರಿಗೂ ಅದನ್ನು ಸಮನಾಗಿ ಹಂಚುತ್ತಿದ್ದ. ಆ ಹೆಣ್ಣಿನ ಪಾಲನ್ನೂ ಆಗಲೇ ಮನಸ್ಸಿನಲ್ಲಿ ತೆಗೆದಿಟ್ಟಿದ್ದ. 9.15ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಅವಳನ್ನು ಕರೆದುಕೊಂಡು ಬಂದರೆ ಕೇಸು ಮುಗಿಯಿತು ಎಂದುಕೊಂಡ.

ಸ್ಥಳಕ್ಕೆ ಹೋದಾಗ ವ್ಯಾನಿನ ಮೂತಿ ನಜ್ಜುಗುಜ್ಜಾಗಿ ಎಡಮಗ್ಗುಲು ಗೋಡೆಗೆ ಒತ್ತಿಕೊಂಡಿತ್ತು, ಹಿಂಚಕ್ರ ಚರಂಡಿಯೊಳಗೆ ಹೂತುಹೋಗಿತ್ತು. ರಸ್ತೆಯ ತುಂಬ ಬ್ರೆಡ್ಡು. ಗೋಡೆಯಿಂದ ಹತ್ತು ಹೆಜ್ಜೆ ಮುಂದೆ ಬಸ್ ನಿಲ್ದಾಣ. ಅಲ್ಲಿದ್ದ ಟೀಚರಮ್ಮ ಹೇಳಿದಳು: "ನೇರ ನಮ್ಮ ಮೇಲೇ ಬರ್ತಿತ್ತು. ಅವನೇ ಗೋಡೆ ಕಡೆ ತಿರುಗಿಸಿದ. ಇಲ್ಲಿ ಹದಿನಾಲ್ಕು ಜನ ನಿಂತಿದ್ವಿ."

11.20ಕ್ಕೆ ಕ್ರೇನ್ ಬಂದು ವ್ಯಾನನ್ನು ಎತ್ತಿತು. ಮೋಟಾರು ವಾಹನ ನಿರೀಕ್ಷಕ ಅಡಿಗೆ ನುಸುಳಿ ಟಾರ್ಚ್ ಬಿಟ್ಟ.

"ಎಡ ಹಿಂಚಕ್ರದ ನಿಪ್ಪಲ್ ಸಡಿಲ ಇದೆ. ಪೆಡಲ್ ಒತ್ತಿದಾಗೆಲ್ಲ ಇಲ್ಲಿಂದ ಬ್ರೇಕ್ ಆಯಿಲ್ ಹೋಗಿದೆ. ಹಳೇ ಗಾಡಿ, ನಾಲ್ಕು ಚಕ್ರಕ್ಕೂ ಆಯಿಲ್ ಹೋಗೋ ದಾರಿ ಒಂದೇ. ಒಂದು ಕಡೆ ಸೋರಿದ್ರೆ ನಾಲ್ಕೂ ಹೋದ ಹಾಗೆ."

"ದೂರಲ್ಲೂ ಅದೇ ಬರೆದಿದ್ದಾರೆ," ಎಂದ ಹೆಡ್ ಕಾನ್‌ಸ್ಟೆಬಲ್.

ಇನ್ಸ್‌ಪೆಕ್ಟರ್ ಚರಂಡಿಯನ್ನೇ ನೋಡುತ್ತ ನಿಂತ. "ಚಕ್ರ ಈಗ ತಾನೇ ಮೇಲೆ ಬಂತು. ಎಂಟು ಐವತ್ತಕ್ಕೆ ಆ ಕರ್ಚೀಫಿನವನಿಗೆ ಹೇಗೆ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವನು ಬಹಳ ಕಂಡಿದ್ದ. ಯಾರೂ ಕೇಳುವ ಮೊದಲೇ ಕಾಯಿ ಯಾವ ಬಳ್ಳಿಯದು ಎಂದು ಬರೆದುಕೊಟ್ಟವನನ್ನು ಕಂಡದ್ದು ಇದೇ ಮೊದಲು.

ಪಂಚರ ಎದುರು ಪಂಚನಾಮೆ ಬರೆಸಿ, ನಿಪ್ಪಲಿನ ಫೋಟೊ ತೆಗೆಸಿ, 12.30ಕ್ಕೆ ಕಾರ್ಖಾನೆಯ ಶೆಡ್ಡಿಗೆ ಹೋದ. ಮೆಕ್ಯಾನಿಕ್ ಮೂವತ್ತು ದಾಟಿದ ಹೆಂಗಸು. ಶೆಡ್ಡಿನವರು ಅವಳನ್ನು 'ಇಂಜಿನಿಯರಮ್ಮ' ಎಂದು ಗೇಲಿ ಮಾಡುತ್ತಿದ್ದರು.

"ನಿನ್ನೆ ಏನು ಮಾಡಿದೆ? ಒಂದೂ ಬಿಡದೆ ಹೇಳು."

"ಮೂರು ವಾರದಿಂದ ಪೆಡಲ್ ಮೆತ್ತಗಾಗಿತ್ತು ಸಾರ್. ಡ್ರೈವರಣ್ಣ ಹೇಳ್ತಾನೇ ಇದ್ದ. ಹಳೇ ಗಾಡಿ, ಹಾಗೇ ಇರುತ್ತೆ ಅಂತ ಮೇಸ್ತ್ರಿ ಆಯಿಲ್ ಸುರಿದು ಕಳಿಸೋರು. ನಿನ್ನೆ ನಾನು ಪೆಡಲ್ ಒತ್ತಿ ಹಿಡಿದು ನೋಡಿದೆ. ನಿಧಾನ ಕೆಳಗಿಳೀತು. ಅಂದ್ರೆ ಎಲ್ಲೋ ಸೋರ್ತಿದೆ. ಎಡ ಹಿಂಚಕ್ರದ ಡ್ರಮ್ ಬಿಚ್ಚಿದ್ರೆ ಒಳಗೆಲ್ಲ ಒದ್ದೆ. ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು. ಹೊಸದು ಹಾಕಿದೆ, ಡ್ರಮ್ ಒಳಗೆಲ್ಲ ಒರೆಸಿ ಬ್ರೇಕ್ ಶೂ ಬದಲಾಯಿಸಿದೆ. ಡ್ರೈವರಣ್ಣ ಪೆಡಲ್ ಒತ್ತಿದ, ನಾನು ನಿಪ್ಪಲ್ ಬಿಟ್ಟು ಗಾಳಿ ತೆಗೆದೆ. ನಾಲ್ಕೂ ಚಕ್ರ."

"ಬಿಗಿ ಮಾಡಿದೆಯಾ?"

"ಮಾಡಿ, ಮೇಲೆ ಹಳದಿ ಪೇಂಟಿನ ಗೆರೆ ಎಳೆದೆ. ನಿಪ್ಪಲ್ಲಿಂದ ಸಿಲಿಂಡರಿನ ತನಕ ಒಂದೇ ಗೆರೆ. ತಿರುಗಿದ್ರೆ ಗೆರೆ ತುಂಡಾಗುತ್ತೆ."

ಇನ್ಸ್‌ಪೆಕ್ಟರ್ ಫೋಟೊ ನೋಡಿದ. ಹಳದಿ ಗೆರೆ ಎರಡು ತುಂಡಾಗಿತ್ತು. ನಿಪ್ಪಲಿನ ಮೇಲಿನ ತುಂಡು ಅರ್ಧ ಸುತ್ತು ಆಚೆ ಹೋಗಿತ್ತು. ಅದರ ಮೂಲೆಗಳಲ್ಲಿ ಪೇಂಟ್ ಕೆರೆದುಹೋಗಿತ್ತು.

ಪೇಂಟ್ ಬಳಿದದ್ದು ಬಿಗಿ ಮಾಡಿದ ಮೇಲೆ. ಹಾಗಾದರೆ ಕೆರೆದ ಸ್ಪ್ಯಾನರ್ ಅದಕ್ಕೂ ಆಮೇಲೆ ಬಂದದ್ದು. ಅವಳಿಗೆಂದು ತೆಗೆದಿಟ್ಟಿದ್ದ ತಾತ್ಸಾರವನ್ನು ಇನ್ಸ್‌ಪೆಕ್ಟರ್ ಈಗ ಯಾರಿಗೆ ಕೊಡುವುದೆಂದು ಶೆಡ್ಡಿನ ಸುತ್ತ ಕಣ್ಣು ಹಾಯಿಸಿದ.

ಮೇಸ್ತ್ರಿ ತಾನಾಗಿಯೇ ಮುಂದೆ ಬಂದ. ಇಪ್ಪತ್ತಾರು ವರ್ಷದ ಸರ್ವಿಸು, ಇಸ್ತ್ರಿ ಹಾಕಿದ ನೀಲಿ ಅಂಗಿ. "ಪೇಂಟ್ ಬಳಿಯೋದು, ರಂಗೋಲಿ ಹಾಕೋದು, ಇವೆಲ್ಲ ಹೆಂಗಸರಿಗೆ ಚೆನ್ನಾಗಿ ಬರುತ್ತೆ ಸಾರ್. ಬ್ರೇಕ್ ಬೇರೆ ವಿದ್ಯೆ."

"ದೂರು ಬರೆದುಕೊಟ್ಟಿದ್ದು ಯಾರು?"

"ಮ್ಯಾನೇಜರ್ ಸಾಹೇಬ್ರು."

"ಅವರಿಗೆ ನಿಪ್ಪಲ್ ಅಂದ್ರೆ ಹಾಲು ಕುಡಿಸೋ ಬಾಟಲಿದು. ಹೇಳಿದ್ದು ಯಾರು?"

ಹಿಂದೆಯೇ ಬಂದು ನಿಂತಿದ್ದ ಮ್ಯಾನೇಜರ್ ನೆಲ ನೋಡಿದ. "ಮೇಸ್ತ್ರಿನೇ ಹೇಳಿ ಬರೆಸಿದ್ದು."

"ಅಂದಾಜು ಸಾರ್," ಎಂದ ಮೇಸ್ತ್ರಿ. "ಅನುಭವದ ಅಂದಾಜು."

"ಮೂರು ವಾರ ಸೋರಿದ್ದು ನಿನ್ನ ಅಂದಾಜಿಗೆ ಸಿಗಲಿಲ್ಲ. ಚರಂಡೀಲಿ ಮುಳುಗಿದ್ದ ಅರ್ಧ ಸುತ್ತು ಸಿಕ್ತು. ಪೆಟ್ಟಿಗೆ ತೆಗಿ."

ಮೇಸ್ತ್ರಿಯ ಪೆಟ್ಟಿಗೆಯನ್ನು ಮುಟ್ಟುವ ಹಕ್ಕು ಶೆಡ್ಡಿನಲ್ಲಿ ಇನ್ನಾರಿಗೂ ಇರಲಿಲ್ಲ. ಕೀಲಿ ಅವನ ಸೊಂಟದಲ್ಲೇ ಇತ್ತು. ಒಳಗೆ ಸ್ಪ್ಯಾನರುಗಳು ಅಳತೆಯ ಪ್ರಕಾರ ಸಾಲಾಗಿ ಮಲಗಿದ್ದವು. ಹೆಡ್ ಕಾನ್‌ಸ್ಟೆಬಲ್ ನಾಲ್ಕನೆಯದನ್ನು ಬಟ್ಟೆಯಲ್ಲಿ ಹಿಡಿದು ಬಿಸಿಲಿಗೆ ತಂದ. ಅದರ ಬಾಯೊಳಗೆ ಹಳದಿ ಪೇಂಟಿನ ಪುಡಿ ಅಂಟಿತ್ತು. 1.10ಕ್ಕೆ ಜಪ್ತಿ ಪಂಚನಾಮೆ ಆಯಿತು. ಗೇಟಿನ ಪುಸ್ತಕದಲ್ಲಿ ಮೇಸ್ತ್ರಿ ಆ ದಿನ ಒಳಗೆ ಬಂದ ವೇಳೆ 5.35 ಎಂದಿತ್ತು. ಉಳಿದ ದಿನಗಳಲ್ಲಿ ಅವನು ಎಂಟಕ್ಕೆ ಮೊದಲು ಬಂದದ್ದೇ ಇರಲಿಲ್ಲ.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಡ್ರೈವರ್ ಹೇಳಿಕೆ ಕೊಟ್ಟ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹೆಂಡತಿ ತಲೆದೆಸೆಯಲ್ಲಿ ನಿಂತಿದ್ದಳು.

"ಮೆಕ್ಯಾನಿಕ್ ತಂಗಿ ರಿಪೇರಿ ಮಾಡಿದ ಮೇಲೆ ಪೆಡಲ್ ಕಲ್ಲಿನ ಹಾಗಿತ್ತು ಸಾರ್. ಬೆಳಿಗ್ಗೆ ಗೇಟಿನ ಹತ್ರಾನೂ ಹಿಡೀತು. ಇಳಿಜಾರಲ್ಲಿ ಒಂದ್ಸಲ ಮೆತ್ತಗಾಯ್ತು, ಮುಂದಿನ ಸಲ ನೆಲಕ್ಕೇ ಹೋಯ್ತು. ಹ್ಯಾಂಡ್ ಬ್ರೇಕ್ ಎಳೆದೆ. ಲೋಡಿತ್ತು, ನಿಲ್ಲಲಿಲ್ಲ."

"ಮೇಸ್ತ್ರಿಗೂ ನಿನಗೂ ಜಗಳ ಏನಾದ್ರೂ?"

"ಜಗಳ ಇಲ್ಲ. ನಿನ್ನೆ ರಿಪೇರಿ ಆದ್ಮೇಲೆ ಅವರನ್ನ ಸೀಟಿಗೆ ಕೂರಿಸಿ, ಒತ್ತಿ ನೋಡಿ ಮೇಸ್ತ್ರಿ ಅಂದೆ. ಒತ್ತಿದ್ರು. ಎಲ್ಲಾರೂ ನಕ್ಕರು."

4.40ಕ್ಕೆ ಮೇಸ್ತ್ರಿಯನ್ನು ಬಂಧಿಸಲಾಯಿತು. ಅರ್ಧ ಗಂಟೆ ಅನುಭವದ ಮಾತಾಡಿದ. ಕೊನೆಗೆ ಸ್ಪ್ಯಾನರನ್ನು ಎದುರಿಗಿಟ್ಟಾಗ ತಲೆ ತಗ್ಗಿಸಿದ.

"ಸಾಯ್ಸೋಕೆ ಮಾಡಿದ್ದಲ್ಲ. ಇಳಿಜಾರು ಸಿಗೋ ಮುಂಚೇನೇ ಮೆತ್ತಗಾಗುತ್ತೆ, ಡ್ರೈವರ್ ವಾಪಸ್ ಬರ್ತಾನೆ ಅಂದ್ಕೊಂಡೆ. ಬಂದು, ಮೇಸ್ತ್ರಿ ನೀವೇ ನೋಡಿ ಅಂತಾನೆ ಅಂತ."

"ಅಷ್ಟಕ್ಕೇನಾ?"

ಇಪ್ಪತ್ತಾರು ವರ್ಷ ಶೆಡ್ಡಿನಲ್ಲಿ ಮೇಸ್ತ್ರಿ ಹಿಡಿದ ಮೊಲಕ್ಕೆ ಮೂರೇ ಕಾಲು ಇದ್ದವು, ಎಲ್ಲರೂ ಹೌದೆಂದಿದ್ದರು. ಸೋಮವಾರ ಒಂದು ಹೆಂಗಸು ಎಲ್ಲರೆದುರು ನಾಲ್ಕನೆಯ ಕಾಲನ್ನು ತೋರಿಸಿದ್ದಳು. ಅದಕ್ಕೆ ಬೇರೊಬ್ಬ ಒಂದು ಕಾಲು ತೆತ್ತಿದ್ದ. ಇಷ್ಟು ಸಣ್ಣ ಮನುಷ್ಯನಿಗೆ ಇಷ್ಟೊಂದು ಕಾಗದ ದಂಡ ಎನ್ನಿಸಿತು ಇನ್ಸ್‌ಪೆಕ್ಟರನಿಗೆ.

ರಿಮಾಂಡಿಗೆ ಕಳಿಸುವ ಮೊದಲು ಅವನು ಮೇಸ್ತ್ರಿಗೆ ಮೆಕ್ಯಾನಿಕ್‌ಳ ಹೇಳಿಕೆಯನ್ನು ಓದಿ ಹೇಳಿದ. ಕೆಲಸ ಕಲಿಸಿದವರು ಯಾರು ಎಂಬ ಪ್ರಶ್ನೆಗೆ ಅವಳು ಬರೆಸಿದ್ದಳು: 'ಮೇಸ್ತ್ರಿ. ಅವರಾಗಿ ಹೇಳಿಕೊಡಲಿಲ್ಲ. ಅವರ ಕೈ ನೋಡಿ ನೋಡಿ ಕಲಿತೆ. ಮೊದಮೊದಲು ಅವರ ಹಾಗೆ ಬ್ರೇಕ್ ಕೆಲಸ ಮಾಡುವವರು ಯಾರೂ ಇರಲಿಲ್ಲ.'

ಮೇಸ್ತ್ರಿ ತಲೆ ಎತ್ತಿದ. "ಅದನ್ನ ಇನ್ನೊಂದ್ಸಲ ಓದ್ತೀರಾ ಸಾರ್?"

"ಕೋರ್ಟಲ್ಲಿ ಓದ್ತಾರೆ," ಎಂದು ಇನ್ಸ್‌ಪೆಕ್ಟರ್ ಫೈಲು ಮುಚ್ಚಿದ.