ಬೆಕ್ಕಿನ ದಿನಚರಿ

ಗುಜರಿ ಅಂಗಡಿಯ ಮೂಲೆಯಲ್ಲಿ ಆ ಹಳೆಯ ಹೋಮ್ ಕಂಪ್ಯೂಟರನ್ನು ಮೊದಲು ಕಂಡವನು ಟೇಪ್‌ರೆಕಾರ್ಡರ್ ರಿಪೇರಿಯವನು. ಚೀಲ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಅದು ಅವನ ಅಕ್ಕನ ಗಂಡನ ಕಂಕುಳು ಸೇರಿತ್ತು. ಆ ಮಾದರಿಯಲ್ಲಿ ಇನ್ನೂ ಉಸಿರಾಡುತ್ತಿರುವವು ಬೆರಳೆಣಿಕೆಯಷ್ಟು. ಭಾವ ಅದರಲ್ಲಿ ತನ್ನ ಬೆಕ್ಕಿನ ದಿನಚರಿ ಬರೆಯುತ್ತಿದ್ದ. ಮಂಗನ ಕೈಗೆ ಮಾಣಿಕ್ಯ ಸಿಕ್ಕಿತ್ತು. ಬೇರೆ ಯಾವ ಅನ್ಯಾಯವನ್ನಾದರೂ ರಿಪೇರಿಯವನು ನುಂಗಿಕೊಂಡಾನು, ಇದನ್ನಲ್ಲ.

ಕದಿಯುವುದು ಕಳ್ಳರ ಕೆಲಸ. ಅವನ ಯೋಜನೆಯಲ್ಲಿದ್ದುದು ಒಂದು ಸಹಜ ಸಾವು ಮಾತ್ರ. ಅದೇ ಮಾದರಿಯ ಸತ್ತ ಯಂತ್ರವೊಂದು ಅವನಲ್ಲಿತ್ತು. ಅದನ್ನು ಬೇಸಿಗೆಯುದ್ದಕ್ಕೂ ಕಿಟಕಿಯ ಬಿಸಿಲಿಗಿಟ್ಟು, ಭಾವನ ಯಂತ್ರದಷ್ಟೇ ಹಳದಿಗಟ್ಟಿಸಿದ. ಭಾವನದರಲ್ಲಿ ಯಾವ ಕೀಲಿಗಳು ಸವೆದಿದ್ದವೋ ಇದರಲ್ಲೂ ಅವನ್ನೇ ಹೆಬ್ಬೆರಳಿನಿಂದ ಆರು ವಾರ ಉಜ್ಜಿ ಸವೆಸಿದ. ಬೆಕ್ಕಿನ ಕೂದಲನ್ನೂ ಜೋಪಾನವಾಗಿ ಸಂಗ್ರಹಿಸಿ ಸಂದಿಗಳಿಗೆ ತುಂಬಿದ.

ಭಾನುವಾರ ಊಟಕ್ಕೆ ಮುಂಚೆ, ವಾರದ ದಿನಚರಿಯನ್ನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿದ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿಗೆ ಸದ್ದಿನ ರೂಪದಲ್ಲಿ ಇಳಿಯಲು ಬಿಟ್ಟು ಕೈ ತೊಳೆಯುವುದು ಭಾವನ ವಾಡಿಕೆ. ಅದು ಇಳಿಯಲು ಇಪ್ಪತ್ತು ನಿಮಿಷ ಬೇಕು. ಮುದಿ ಯಂತ್ರ ಅಷ್ಟರಲ್ಲಿ ಕಣ್ಣುಮುಚ್ಚಿದರೆ ಯಾರು ಯಾರನ್ನು ದೂರಬೇಕು?

"ಹೊಟ್ಟೆ ಒಂಥರಾ ಆಗ್ತಿದೆ ಅಕ್ಕಾ. ಈಗ ಬಂದೆ."

"ಇನ್ನೂ ಬಡಿಸೇ ಇಲ್ಲ ಕಣೋ, ಆಗ್ಲೇ ಕೆಟ್ಟೋಯ್ತಾ?"

ಸತ್ತ ಯಂತ್ರವಿದ್ದ ಚೀಲವನ್ನು ಹಿತ್ತಲಿನಿಂದ ಎತ್ತಿಕೊಂಡು ಅವನು ಭಾವನ ಕೋಣೆಗೆ ನುಸುಳಿದ. ಕಂಪ್ಯೂಟರಿನ ಬದಿಯ ತೂತು ತುಕ್ಕು ಹಿಡಿದಿತ್ತು. ಅದಕ್ಕೆ ನೋವಾದೀತೆಂದು ತಂತಿಯನ್ನು ರೆಕಾರ್ಡರಿನ ಕಡೆಯಿಂದ ಕಿತ್ತ. ರೆಕಾರ್ಡರ್ ತಿರುಗುತ್ತಲೇ ಇತ್ತು. ನಿಲ್ಲಿಸಿದರೆ ಅನುಮಾನಕ್ಕೆ ದಾರಿ. ಕೂಸನ್ನು ಮಲಗಿಸುವವನಂತೆ ಎರಡು ಮುದ್ದು ಮಾತಾಡುತ್ತ ಜೀವಂತ ಯಂತ್ರವನ್ನು ಚೀಲಕ್ಕಿಳಿಸಿದ. ಸತ್ತದ್ದನ್ನು ಮೇಜಿನ ಮೇಲಿಟ್ಟು, ತಾನೇ ತಂದಿದ್ದ ಅಂಥದೇ ತಂತಿಯನ್ನೂ ಉಳಿದವನ್ನೂ ಸಿಕ್ಕಿಸಿದ. ನಾಲ್ಕೇ ನಿಮಿಷ. ಚೀಲ ಹಿತ್ತಲಲ್ಲಿ ನಿಂತಿದ್ದ ಅವನ ಸ್ಕೂಟರಿಗೇರಿತು. ಅವನು ಬಂದು ಎರಡೆರಡು ಸಲ ಬಡಿಸಿಕೊಂಡು ಉಂಡ.

ಊಟವಾದ ಮೇಲೆ ಭಾವ ಕಪ್ಪು ಪರದೆಯ ಮುಂದೆ ಕುಸಿದು ಕುಳಿತ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ರಿಪೇರಿಯವನು ಮುಚ್ಚಳ ತೆರೆದು, ಇಣುಕಿ, ನಿಟ್ಟುಸಿರಿಟ್ಟ.

"ವಯಸ್ಸಾಗಿತ್ತು ಭಾವ. ಪುಣ್ಯವಂತರ ಸಾವು. ಕೆಲಸ ಮಾಡ್ತಾ ಮಾಡ್ತಾನೇ ಹೋಗಿದೆ."

"ಎಲ್ಲೀವರೆಗೆ ಬರೆದು ಹೋಯ್ತೋ, ಅದನ್ನಾದ್ರೂ ಕೇಳೋಣ," ಎಂದು ಭಾವ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ರೆಕಾರ್ಡರಿನ ಸ್ಪೀಕರಿನಲ್ಲಿ ಹಾಕಿದ. ದಿನಚರಿ ಕೀಚಲು ದನಿಯಲ್ಲಿ ಕಿರುಚತೊಡಗಿತು. ಮೂವರೂ ತಲೆತಗ್ಗಿಸಿ ಆಲಿಸಿದರು. ಕಿರುಚಾಟ ಥಟ್ಟನೆ ನಿಂತಾಗ, ಮೂವತ್ತು ವರ್ಷಗಳಿಂದ ಗಿರಾಕಿಗಳಿಗೆ ತಾನೇ ಹೇಳುತ್ತ ಬಂದ ಮಾತು ರಿಪೇರಿಯವನಿಗೆ ನೆನಪಾಯಿತು: ತಂತಿ ಸಿಕ್ಕಿಸಿರುವತನಕ ರೆಕಾರ್ಡರಿನ ಒಳಗಿನ ಮೈಕು ಕಿವುಡು, ಕಿತ್ತ ಕೂಡಲೇ ಅದಕ್ಕೆ ಕಿವಿ ಬರುತ್ತದೆ. ಸ್ಪೀಕರು ಅವನದೇ ದನಿಯಲ್ಲಿ, ಬಲು ಅಕ್ಕರೆಯಿಂದ ಹೇಳಿತು: "ಬಾ ನನ್ ಬಂಗಾರ, ಚೀಲದೊಳಗೆ ಬಾ. ಆ ಬೆಕ್ಕಿನ ಗುಮಾಸ್ತನಿಗೆ ಹೆಣ ಸಾಕು."