ಬಾಯಿ ಕಟ್ಟಿದ ಎಚ್ಚರಿಕೆ

ಹನ್ನೆರಡನೇ ತಾರೀಖು, ಮಂಗಳವಾರ, ಬೆಳಿಗ್ಗೆ 9.40ಕ್ಕೆ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಆಸ್ಪತ್ರೆಯಲ್ಲಿ ಒಗ್ಗದ ಇಂಜೆಕ್ಷನ್ ಚುಚ್ಚಿ ಗಂಡನ ಜೀವವೇ ಹೋಗುವುದರಲ್ಲಿತ್ತು, ಪುಣ್ಯಕ್ಕೆ ಬದುಕಿಕೊಂಡ. ಆ ಔಷಧಿ ಆಗಿಬರುವುದಿಲ್ಲವೆಂದು ಮೊದಲೇ ನರ್ಸಿಗೆ ಹೇಳಿದ್ದಳಂತೆ. ಇನ್‌ಸ್ಪೆಕ್ಟರು ಎಫ್‌ಐಆರ್ ಹಾಕಿಸಿ, ಠಾಣೆಯ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡಿಕೊಳ್ಳುವ , ಠಾಣೆಯವರೆಲ್ಲ ಅಕ್ಕ ಎನ್ನುವ ಹೆಡ್ ಕಾನ್‌ಸ್ಟೇಬಲನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟರು.

ನರ್ಸ್ ಆಗಲೇ ಅಮಾನತಾಗಿದ್ದಳು. ಫಾರಂನಲ್ಲಿ ಬರೆದಿದ್ದೆ ಎಂಬ ಒಂದೇ ಮಾತು ಹಿಡಿದು ಕೂತಿದ್ದಳು. ಕಂಪ್ಯೂಟರಿನಲ್ಲಿ ರೋಗಿಗೆ ಒಗ್ಗದವು ಎಂಬಲ್ಲಿ ಧೂಳು, ಕಡಲೆಕಾಯಿ ಎಂದಷ್ಟೇ ಇತ್ತು. ಫಾರಂ ಕಟ್ಟಿನಲ್ಲಿ 211ರ ನಂತರ 213; ಆ ರೋಗಿಯ 212 ಮಾತ್ರ ಇರಲಿಲ್ಲ. ಔಷಧಿಯ ಹೆಸರೇ ಬರೆಯದ ಕಾಗದವನ್ನು ಯಾರಾದರೂ ಯಾಕೆ ಕದಿಯುತ್ತಾರೆ ಎಂದು ಇನ್‌ಸ್ಪೆಕ್ಟರಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಫಾರಂಗಳನ್ನು ಡೇಟಾಬೇಸಿಗೆ ಏರಿಸುವವನು ಇಪ್ಪತ್ತೆರಡು ವರ್ಷ ಸರ್ವೀಸಿನ ಆಪರೇಟರು. ಇದ್ದದ್ದನ್ನು ಇದ್ದ ಹಾಗೆ ಏರಿಸಿದ್ದೇನೆ ಎಂದ. ಅಕ್ಕ ಉಳಿದ ಫಾರಂಗಳನ್ನು ಒಂದೊಂದಾಗಿ ಪರದೆಯ ಜೊತೆ ತಾಳೆ ನೋಡಿದಳು. ಉದ್ದನೆಯ ಬರಹವೆಲ್ಲ ನಲವತ್ತನೇ ಅಕ್ಷರಕ್ಕೆ ತುಂಡಾಗಿತ್ತು.

"ತುಂಡು ಮಾಡಿದ್ರೆ, ಮಾಡಿದೆ ಅಂತ ಡೇಟಾಬೇಸು ಎಚ್ಚರಿಸ್ಬೇಕು ಸರ್," ಎಂದಳು ಅಕ್ಕ. " ಇದು ತುಟಿಪಿಟಕ್ ಅಂತಿಲ್ಲ."

ಆಪರೇಟರು ಆಜ್ಞೆ ಬೆರಳಚ್ಚಿಸುವ ಕಪ್ಪು ಕಿಟಕಿ ತೆರೆದಾಗೆಲ್ಲ ಕಂಪ್ಯೂಟರು ತಾನಾಗಿ ಓದಿಕೊಳ್ಳುವ ಸಣ್ಣ ಕಡತವೊಂದಿತ್ತು. ಅದರಲ್ಲೊಂದು ಸಾಲು: ಎಚ್ಚರಿಕೆ ತೋರಿಸಬೇಡ, ದೋಷ ಮಾತ್ರ ತೋರಿಸು. ಮೂರು ತಿಂಗಳ ಹಿಂದೆ, ನಾಲ್ಕನೇ ತಾರೀಖು, 11.05ಕ್ಕೆ ಬರೆದದ್ದು.

"ಇದರ ಬಾಯಿ ಕಟ್ಟಿದ್ದು ಯಾರಪ್ಪಾ?" ಇನ್‌ಸ್ಪೆಕ್ಟರು ಕೇಳಿದರು.

ಆಪರೇಟರು ತಲೆ ತಗ್ಗಿಸಿದ. 212ನೇ ಫಾರಂ ಅವನ ಊಟದ ಚೀಲದಲ್ಲೇ ಸಿಕ್ಕಿತು, ನಾಲ್ಕಾಗಿ ಮಡಚಿಕೊಂಡು. ಔಷಧಿಯ ಹೆಸರು ನರ್ಸಿನ ದುಂಡು ಅಕ್ಷರದಲ್ಲಿತ್ತು. 3.20ಕ್ಕೆ ಪಂಚನಾಮೆ ಮುಗಿಯಿತು.

"ಅಣ್ಣ ಅಂತಿದ್ದೆನಲ್ಲ ನಿಮ್ಮನ್ನ," ಎಂದಳು ನರ್ಸ್. "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಮನಸ್ಸು ಹೇಗೆ ಬಂತು?"

ಅಕ್ಕ ಆ ಸಾಲನ್ನು ತೆಗೆದು, ಮೂರು ತಿಂಗಳ ಫಾರಂಗಳನ್ನು ನಕಲು ಡೇಟಾಬೇಸಿಗೆ ಮತ್ತೆ ಏರಿಸಿದಳು. ಎಚ್ಚರಿಕೆಗಳು ದಬದಬ ಬಿದ್ದವು. ಇನ್ನೂ ಹದಿನೇಳು ಜನರ ಬರಹ ತುಂಡಾಗಿತ್ತು.

4.10ಕ್ಕೆ ಬಂಧನ. ಒಂದು ಗಂಟೆ ಕೊಡಿ, ಅವರಿಗೆಲ್ಲ ಹೇಳಿಬಿಡೋಣ ಎಂದು ಆಪರೇಟರು ಕೈಮುಗಿದ. ಇನ್‌ಸ್ಪೆಕ್ಟರು ಜೀಪು ನಿಲ್ಲಿಸಿದರು. ಅವನು ನಂಬರು ಓದಿದ, ನರ್ಸ್ ಫೋನ್ ಮಾಡಿದಳು. ಹದಿನಾಲ್ಕನೆಯವರು ಮರುದಿನ ಆಪರೇಷನ್ನಿಗೆ ಬರಬೇಕಿದ್ದ ಮುದುಕರು. ಅವರಿಗೂ ಒಗ್ಗದ ಅದೇ ಇಂಜೆಕ್ಷನ್ನನ್ನೇ ಅವರಿಗೆ ಬರೆದಿಟ್ಟಿದ್ದರು.

ನರ್ಸ್ ಫೋನ್ ಕೆಳಗಿಟ್ಟು ಆಪರೇಟರ ಕಡೆ ತಿರುಗಿದಳು.

"ಅಜ್ಜ ನಿಮಗೂ ಥ್ಯಾಂಕ್ಸ್ ಹೇಳಿದ್ರು, ಅಣ್ಣ."

ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟೇ. ದಿನಾ ನಲವತ್ತು ಐವತ್ತು ಎಚ್ಚರಿಕೆ ಬರುತ್ತಿದ್ದವು, ಬಹುಪಾಲು ಕೆಲಸಕ್ಕೆ ಬಾರದವು. ಹೊಸ ಮೇಲಧಿಕಾರಿ ಬೆನ್ನ ಹಿಂದೆ ನಿಂತು, ಇಷ್ಟೊಂದು ತಪ್ಪಾ ಎಂದು ಎಲ್ಲರೆದುರು ಗಟ್ಟಿಯಾಗಿ ಎಣಿಸುತ್ತಿದ್ದರು. ತಪ್ಪಲ್ಲ ಸರ್ ಎಂದು ಹೇಳಿ ಹೇಳಿ ಸಾಕಾಗಿತ್ತು. ಅನಾಹುತವಾದ ಮೇಲೆ ಕೆಲಸ ಹೋಗುವ ಭಯಕ್ಕೆ ಫಾರಂ ಬಚ್ಚಿಟ್ಟ. ಕೊನೆಗೆ ತಾನಾಗಿಯೇ ಒಂದು ಮಾತು ಸೇರಿಸಿದ: ಇವತ್ತೇ ಹಿಡಿದದ್ದು ಉಪಕಾರವಾಯಿತು.

ಇನ್‌ಸ್ಪೆಕ್ಟರು ಅದನ್ನು ಹೊಡೆದುಹಾಕದೆ ಸಹಿ ಮಾಡಿದರು.