ಈಶ್ವರಮ್ಮನ ಕಣ್ಣಿನ ಹೇಳಿಕೆ

ಎಂಬತ್ತೇಳನೇ ಇಸವಿಯ ಮಾತು. ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರ್ ಕಾರ್ಖಾನೆಯಲ್ಲಿ ಬೆಳಗಿನ ಸೈರನ್ನಿಗೆ ಮೊದಲೇ ಕಿರುಚಾಟ. ಸ್ಟೋರ್ಸ್ ಮೆಟ್ಟಿಲ ಕೆಳಗೆ ಟೆಸ್ಟಿಂಗ್ ವಿಭಾಗದ ಈಶ್ವರಮ್ಮ ಬಿದ್ದಿದ್ದಳು. ರಟ್ಟೆಯ ಮೇಲೆ ಉಗುರಿನ ಗುರುತು. ತಾನಾಗಿ ಬಿದ್ದದ್ದಂತೂ ಅಲ್ಲ.

ಜೀವ ಉಳಿಯಿತು. ಕೈಕಾಲು ಹೋಯಿತು, ಮಾತು ಹೋಯಿತು. ರೆಪ್ಪೆಯೂ ಹೇಳಿದಂತೆ ಕೇಳದು. ಕಣ್ಣುಗುಡ್ಡೆ ಮಾತ್ರ ಹೊರಳುತ್ತಿತ್ತು.

ಅದೇ ಕಾರ್ಖಾನೆಯ ಇಂಜಿನಿಯರ್ ಮರಿಯಮ್ಮ ಇಂಥವರಿಗೆಂದೇ ಒಂದು ಯಂತ್ರ ಕಟ್ಟುತ್ತಿದ್ದಳು. ಪರದೆಯ ಮೇಲೆ ಚೌಕಗಳು. ರೋಗಿ ದಿಟ್ಟಿಸಿದ ಚೌಕ ಬೆಳಗುತ್ತದೆ. ಅದನ್ನು ಆಸ್ಪತ್ರೆಗೆ ತಂದರು. ಆ ಬೆಳಿಗ್ಗೆ ಕಾರ್ಖಾನೆಯ ಒಳಗಿದ್ದವರ ಹೆಸರು ಚೌಕಗಳಲ್ಲಿ ತುಂಬಿ, ತಳ್ಳಿದ್ದು ಯಾರೆಂದು ಕೇಳಿದರು. ಬೆಳಗಿದ ಹೆಸರು ನರಸಪ್ಪ. ಅಲ್ಲೇ ಕೆಲಸಕ್ಕಿದ್ದ, ಈಶ್ವರಮ್ಮನ ಒಡಹುಟ್ಟಿದ ತಮ್ಮ!

*

"ನನ್ನ ಎತ್ತಿ ಆಡ್ಸಿದೋಳು ಮೇಡಂ ಅವ್ಳು. ನಾನ್ಯಾಕೆ ತಳ್ಳಲಿ?" ಲಾಕಪ್ಪಿನಲ್ಲಿ ನರಸಪ್ಪ ಹಣೆ ಚಚ್ಚಿಕೊಂಡ.

ಸಬ್ ಇನ್‌ಸ್ಪೆಕ್ಟರ್ ಅಂಜಿನಮ್ಮನಿಗೆ ಸಾಹೇಬರ ಫೋನು ಬಂತು. "ಮಿಷನ್ನೇ ಹೇಳಿದ್ಮೇಲೆ ಇನ್ನೇನ್ರೀ? ಕೇಸ್ ಮುಗಿಸಿ."

"ಮಿಷನ್ನು ಬಂದು ಕಟಕಟೆ ಹತ್ತುತ್ತಾ ಸಾರ್? ಇನ್ನೊಂದ್ಸಲ ಕೇಳ್ತೀನಿ."

ಸಾಹೇಬರು ಬೈದರು. ಅಂಜಿನಮ್ಮ ಜೀಪು ಹತ್ತಿದಳು.

*

ಮತ್ತೆ ಅದೇ ಪ್ರಶ್ನೆ. ಮತ್ತೆ ನರಸಪ್ಪನ ಚೌಕ. ಈಶ್ವರಮ್ಮನ ಕಣ್ಣು ಕೆಂಪಗಾಯಿತು, ನೀರು ಸುರಿಯಿತು. ಆದರೂ ಅವಳು ಬಿಡಲಿಲ್ಲ; ದಿಟ್ಟಿಸಿದಳು, ಮತ್ತೆ ದಿಟ್ಟಿಸಿದಳು. ಇದು ತಮ್ಮನನ್ನು ಜೈಲಿಗಟ್ಟುವ ಸಂಕಟವಲ್ಲ, ಸಿಟ್ಟು ಎಂದು ಅಂಜಿನಮ್ಮನಿಗೆ ಅನ್ನಿಸಿತು.

ಮಂಚದ ಕಾಲುದೆಸೆಯ ಗೋಡೆಯಲ್ಲಿ ವೆಂಕಟರಮಣಸ್ವಾಮಿಯ ಫೋಟೋ ಇತ್ತು. ಮುಂದೆ ಕೆಂಪು ಬಲ್ಬು.

"ಇದನ್ನ ಹಾಕಿದ್ಯಾರು?"

"ಸ್ಟೋರ್ಸ್ ಸೂಪರ್‌ವೈಸರ್ ಶ್ಯಾಮಣ್ಣ, ಮಿಷನ್ ತಂದ ದಿನವೇ. ಭಾರೀ ದೈವಭಕ್ತರು ಮೇಡಂ," ಎಂದಳು ಮರಿಯಮ್ಮ.

"ಭಕ್ತರಂತೆ ಭಕ್ತರು! ದೇವರ ಕಡೆ ಕಾಲು ಚಾಚಿಸಿ ಮಲಗಿಸ್ತಾರೇನ್ರೀ? ತಲೆ ಕಡೆ ಗೋಡೆ ಖಾಲಿ ಬಿದ್ದಿದೆ."

ಚರ್ಚಿಗೆ ಹೋಗುವ ಮರಿಯಮ್ಮನಿಗೆ ಅದು ಹೊಳೆದೇ ಇರಲಿಲ್ಲ.

"ಈ ಬಲ್ಬಿಗೂ ನಿಮ್ಮ ಮಿಷನ್ನಿಗೂ ಏನಾದ್ರೂ ಸಂಬಂಧ ಇದೆಯಾ?"

ಮರಿಯಮ್ಮನ ಮುಖ ಬಿಳಿಚಿತು. "ಅಯ್ಯೋ ಕರ್ತನೇ!"

*

ಶ್ಯಾಮಣ್ಣನನ್ನೂ ನರಸಪ್ಪನನ್ನೂ ವಾರ್ಡಿಗೆ ಕರೆಸಿದರು. ಅಂಜಿನಮ್ಮ ಬಲ್ಬಿನ ಸ್ವಿಚ್ಚಿಗೆ ಕೈ ಹಾಕಿದಳು.

"ದೇವರ ದೀಪ ಆರಿಸ್ಬೇಡಿ ಮೇಡಂ! ಕೇಡಾಗುತ್ತೆ!" ಶ್ಯಾಮಣ್ಣ ಅಡ್ಡ ಬಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಬಲ್ಬು ಆರಿತು. ಈಶ್ವರಮ್ಮ ದಿಟ್ಟಿಸಿದಳು. ಪಕ್ಕದ ಚೌಕ ಬೆಳಗಿತು. ಶ್ಯಾಮಣ್ಣ.

"ಮಿಷನ್ನು ತನ್ನದೇ ಬೆಳಕು ಬಿಟ್ಟು, ಕಣ್ಣಲ್ಲಿ ಅದು ಹೊಳೆಯೋ ಚುಕ್ಕೆ ಹುಡುಕುತ್ತೆ," ಎಂದಳು ಅಂಜಿನಮ್ಮ. "ನಿನ್ನ ಬಲ್ಬು ಇನ್ನೊಂದು ಚುಕ್ಕೆ ಹಾಕ್ತು. ಲೆಕ್ಕ ಪಕ್ಕದ ಚೌಕಕ್ಕೆ ಜಾರ್ತು. ಈ ಮಿಷನ್ನಿನ ಟ್ರಯಲ್ಲಿನಲ್ಲಿ ಟಾರ್ಚ್ ಹಾಕಿ, ಲೆಕ್ಕ ಕೆಡಿಸಿ ಮರಿಯಮ್ಮನ ಹತ್ರ ಬೈಸ್ಕೊಂಡೋನು ನೀನು. ಯಾರ ಹೆಸರು ಬಂದ್ರೂ ಸರಿ, ನಿನ್ನದು ಬರಬಾರದು, ಅಲ್ವಾ? ನೀನು ಸ್ಟೋರ್ಸಿನ ಕಂಪ್ಯೂಟರ್ ಚಿಪ್ಪು ಕದಿಯೋದನ್ನ ಈಕೆ ಕಂಡ್ಳು, ಅದಕ್ಕೇ ತಳ್ಳಿದೆ. ಜಿಗಣಿಯ ನಿನ್ನ ಮನೇಲಿ ಚಿಪ್ಪಿನ ಡಬ್ಬಗಳು ಈಗಷ್ಟೇ ಸಿಕ್ಕಿವೆ."

ಶ್ಯಾಮಣ್ಣ ಹಲ್ಲು ಕಡಿದ. "ಮಾತೇ ಬರದೋಳ ಸಾಕ್ಷಿ ಯಾವ ಕೋರ್ಟು ಒಪ್ಪುತ್ತೆ?"

"ಅಕ್ಕಾ..." ನರಸಪ್ಪ ಗಳಗಳನೆ ಅತ್ತ.

"ಸಾಕು ಈಶ್ವರಮ್ಮ, ಸುಧಾರಿಸಿಕೊಳ್ಳಿ," ಎಂದಳು ಮರಿಯಮ್ಮ.

ಈಶ್ವರಮ್ಮ ಕೇಳಲಿಲ್ಲ. ಪರದೆಯ ಮೇಲೆ ಶ್ಯಾಮಣ್ಣನ ಹೆಸರು ಇನ್ನೊಮ್ಮೆ ಬೆಳಗಿತು. ಬೇಡಿ ತೊಡಿಸುವಾಗ ಬೆಳಗಿತು. ಅವನು ಬಾಗಿಲು ದಾಟುವವರೆಗೂ ಅವಳು ಅದನ್ನು ಆರಲು ಬಿಡಲಿಲ್ಲ.